ಬೆನ್ನುಮೂಳೆ: ಒಂದೊಂದು ಕಶೇರುವಿನ ಆಕಾರಕ್ಕೂ ಒಂದೊಂದು ಕಾರಣ

ಮನುಷ್ಯನ ಬೆನ್ನುಮೂಳೆ ಮಾಡಬೇಕಾದ ಕೆಲಸಗಳು ಮೂರು, ಮತ್ತು ಆ ಮೂರಕ್ಕೂ ಪರಸ್ಪರ ಹೊಂದಾಣಿಕೆಯಿಲ್ಲ. ತಲೆ, ತೋಳು, ಎದೆ, ಹೊಟ್ಟೆಗಳ ಭಾರವನ್ನೆಲ್ಲ ಹೊತ್ತು ಅದನ್ನು ಕಾಲುಗಳಿಗೆ ದಾಟಿಸುವುದು ಮೊದಲನೆಯದು. ಅದಕ್ಕೆ ಅಲುಗಾಡದ ಗಟ್ಟಿ ಕಂಬವೇ ಬೇಕು. ಬಾಗುವುದು, ಹಿಂದಕ್ಕೆ ಮಣಿಯುವುದು, ಅತ್ತಿತ್ತ ತಿರುಗುವುದು ಎರಡನೆಯದು. ಅದಕ್ಕೆ ಕಂಬ ತುಂಡುತುಂಡಾಗಿರಬೇಕು. ಕಿರುಬೆರಳಿನಷ್ಟು ದಪ್ಪದ, ಬೆಣ್ಣೆಯಂತೆ ಮೆತ್ತಗಿನ ಬೆನ್ನುಹುರಿಯನ್ನು ಒಳಗಿಟ್ಟು ಕಾಯುವುದು ಮೂರನೆಯದು. ಅದಕ್ಕೆ ಆ ತುಂಡುಗಳು ಎಷ್ಟೇ ಅಲುಗಾಡಿದರೂ ಅವುಗಳ ನಡುವಿನ ಕೊಳವೆ ಎಲ್ಲಿಯೂ ಇಕ್ಕಟ್ಟಾಗಬಾರದು. ಕತ್ತಿನಿಂದ ಬಾಲಮೂಳೆಯವರೆಗೆ ಇಳಿಯುತ್ತ ಹೋದಂತೆ ಈ ಮೂರರಲ್ಲಿ ಯಾವುದಕ್ಕೆ ಹೆಚ್ಚು ಮಹತ್ವ ಎಂಬುದು ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಮೂಳೆಯ ಆಕಾರವೂ ಬದಲಾಗುತ್ತದೆ. ಬೆನ್ನಿನ ದೊಡ್ಡ ತೊಂದರೆಗಳಲ್ಲಿ ಹಲವು ಸಂಭವಿಸುವುದು ಹಾಗೆ ಬದಲಾಗುವ ಗಡಿಗಳಲ್ಲಿಯೇ. ಈ ಒಂದು ಸಂಗತಿ ಮನದಟ್ಟಾದರೆ ಎಕ್ಸ್‌ರೇ ವರದಿಯ ಎಷ್ಟೋ ಸಾಲುಗಳು ತಾವಾಗಿಯೇ ಅರ್ಥವಾಗುತ್ತವೆ ಎಂಬುದು ನನ್ನ ನಂಬಿಕೆ.

ಹುಟ್ಟುವಾಗ ಮಗುವಿನ ಬೆನ್ನಿನಲ್ಲಿ ಸಾಮಾನ್ಯವಾಗಿ 33 ಕಶೇರುಗಳು, ಅಂದರೆ ಬೆನ್ನುಮೂಳೆಯ ಬಿಡಿ ತುಂಡುಗಳು, ಇರುತ್ತವೆ: ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ ತ್ರಿಕಾಸ್ಥಿಯ 5, ಕೊನೆಯಲ್ಲಿ ಬಾಲಮೂಳೆಯ 4. ತ್ರಿಕಾಸ್ಥಿಯ ಐದು ತುಂಡುಗಳು ಹದಿಹರೆಯದಿಂದ ಬೆಸೆದುಕೊಳ್ಳತೊಡಗಿ ಇಪ್ಪತ್ತೈದರ ಹೊತ್ತಿಗೆ ಒಂದೇ ಮೂಳೆಯಾಗುತ್ತವೆ, ಬಾಲಮೂಳೆಯ ತುಂಡುಗಳೂ ಕೂಡಿಕೊಳ್ಳುತ್ತವೆ. ಹೀಗಾಗಿ ವಯಸ್ಕರಲ್ಲಿ ಲೆಕ್ಕಕ್ಕೆ ಸಿಗುವುದು 26 ಮೂಳೆಗಳು. ಅವುಗಳಲ್ಲಿ ಒಂದರ ಮೇಲೊಂದು ಸ್ವತಂತ್ರವಾಗಿ ಅಲುಗಾಡುವಂಥವು ಮೇಲಿನ 24.

ಮಂಗಳೂರು, ಮಣಿಪಾಲಗಳ ವೈದ್ಯಕೀಯ ಕಾಲೇಜುಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಮೂಳೆಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತ ಕಲಿಯುತ್ತಾರೆ. ಆ ಅವಕಾಶವಿಲ್ಲದವರಿಗೆ ಮಣಿಪಾಲದ ಅಂಗರಚನಾಶಾಸ್ತ್ರ ವಸ್ತುಸಂಗ್ರಹಾಲಯವಿದೆ. ಅದು ಸಾರ್ವಜನಿಕರಿಗೂ ತೆರೆದಿರುವುದು ನಮ್ಮ ಕರಾವಳಿಯ ಭಾಗ್ಯವೆಂದೇ ಹೇಳಬೇಕು. ಸೊಂಟದ ಒಂದು ಕಶೇರುವನ್ನು ಹತ್ತಿರದಿಂದ ನೋಡೋಣ. ಮುಂಭಾಗದಲ್ಲಿ ದಪ್ಪನೆಯ, ಮೇಲೆ ಕೆಳಗೆ ಸಮತಟ್ಟಾದ ಒಂದು ಗಟ್ಟಿ ಇದೆ. ಇದು ಕಶೇರುವಿನ ಕಾಯ. ಭಾರ ಹೊರುವ ಕೆಲಸದ ಬಹುಪಾಲು ಇದರದೇ. ಕಾಯದ ಹಿಂಬದಿಯಿಂದ ಎಡಬಲಗಳಲ್ಲಿ ಎರಡು ಗಿಡ್ಡ ತೊಲೆಗಳು ಹೊರಟು, ಚಪ್ಪಟೆಯಾಗಿ ಅಗಲವಾಗಿ, ಹಿಂದೆ ಒಂದಕ್ಕೊಂದು ಸೇರಿ ಕಮಾನು ಕಟ್ಟುತ್ತವೆ. ಕಾಯಕ್ಕೂ ಕಮಾನಿಗೂ ನಡುವೆ ಉಳಿಯುವ ರಂಧ್ರ ಒಂದರ ಮೇಲೊಂದು ಕೂಡಿದಾಗ ಬೆನ್ನುಹುರಿಯ ಕೊಳವೆಯಾಗುತ್ತದೆ. ಕಮಾನಿನಿಂದ ಎರಡು ಮುಳ್ಳುಗಳು ಪಕ್ಕಕ್ಕೆ, ಒಂದು ನೇರ ಹಿಂದಕ್ಕೆ ಚಾಚಿಕೊಂಡಿವೆ. ಸ್ನಾಯುಗಳು ಹಿಡಿದು ಎಳೆಯುವುದು ಇವುಗಳನ್ನೇ. ಬೆನ್ನಿನ ನಡುವೆ ಕೈಯಾಡಿಸಿದಾಗ ಗಂಟುಗಂಟಾಗಿ ತಗಲುವುದು ಹಿಂದಿನ ಮುಳ್ಳಿನ ತುದಿ ಮಾತ್ರ. ಭಾರ ಹೊರುವ ಕಾಯ ಅಲ್ಲಿಂದ ಬಹಳ ಒಳಗೆ, ಹೊಟ್ಟೆಯ ಕಡೆಗೆ ಇದೆ. ಮೇಲಿನಿಂದ ಎಣ್ಣೆ ತಿಕ್ಕುವ ಕೈ ಅದನ್ನು ಮುಟ್ಟುವುದೇ ಇಲ್ಲ. ಕೊನೆಯದಾಗಿ, ಕಮಾನಿನ ಮೇಲೆ ಎರಡು, ಕೆಳಗೆ ಎರಡು ನುಣುಪಾದ ಪುಟ್ಟ ಮುಖಗಳಿವೆ. ಮೇಲಿನ ಕಶೇರುವಿನ ಕೆಳಮುಖ ಕೆಳಗಿನದರ ಮೇಲ್ಮುಖದೊಂದಿಗೆ ಸೇರಿ ಒಂದು ಸಣ್ಣ ಕೀಲಾಗುತ್ತದೆ. ಕಣ್ಣಿಗೆ ಅಷ್ಟಾಗಿ ಬೀಳದ ಈ ಕೀಲು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೇ ಬೆನ್ನಿನ ಆ ಭಾಗ ಬಾಗಬಲ್ಲುದೋ ತಿರುಗಬಲ್ಲುದೋ ಎಂಬುದನ್ನು ನಿರ್ಧರಿಸುತ್ತದೆ.

ಕಶೇರುವಿನ ಕಾಯವನ್ನು ಉದ್ದಕ್ಕೆ ಸೀಳಿ ನೋಡಿದರೆ ಒಳಗೆ ಘನವಾದ ಮೂಳೆ ಇರುವುದಿಲ್ಲ. ಹೊರಗೆ ತೆಳುವಾದ ಗಟ್ಟಿ ಪದರ, ಒಳಗೆ ಸಣ್ಣ ಸಣ್ಣ ಮೂಳೆಯೆಳೆಗಳ ಜಾಲ, ಆ ಎಳೆಗಳ ನಡುವೆ ಕೆಂಪು ಅಸ್ಥಿಮಜ್ಜೆ. ಭಾರ ಮೇಲಿನಿಂದ ಕೆಳಗೆ ಬರುವುದರಿಂದ ನಿಂತ ಎಳೆಗಳು ದಪ್ಪಗಿರುತ್ತವೆ. ಅವು ಬಳುಕದಂತೆ ಅಡ್ಡ ಎಳೆಗಳು ಹಿಡಿದುಕೊಂಡಿರುತ್ತವೆ. ಕೈಕಾಲುಗಳ ಉದ್ದ ಮೂಳೆಗಳಲ್ಲಿ ಕೆಂಪು ಮಜ್ಜೆ ಬೆಳೆದಂತೆ ಕೊಬ್ಬಿಗೆ ಜಾಗ ಬಿಟ್ಟುಕೊಡುತ್ತದೆ, ಆದರೆ ಬೆನ್ನುಮೂಳೆಯಲ್ಲಿ ಜೀವನಪೂರ್ತಿ ಉಳಿಯುತ್ತದೆ. ನಮ್ಮ ರಕ್ತಕಣಗಳ ದೊಡ್ಡ ಪಾಲು ತಯಾರಾಗುವುದು ಇಲ್ಲಿಯೇ.

ಕತ್ತಿನ ಕಶೇರುಗಳಿಗೆ ಹೊರಬೇಕಾದ ಭಾರ ಕಡಿಮೆ. ತಲೆ ತೂಗುವುದು ಹೆಚ್ಚೆಂದರೆ ಐದು ಕಿಲೋ. ಆದ್ದರಿಂದ ಅವುಗಳ ಕಾಯ ಸಣ್ಣದು, ಅಲುಗಾಟ ದೊಡ್ಡದು. ಮೊದಲ ಎರಡಂತೂ ಉಳಿದ ಯಾವ ಕಶೇರುವನ್ನೂ ಹೋಲುವುದಿಲ್ಲ. ಅಟ್ಲಾಸ್ ಎಂದು ಕರೆಯುವ ಮೊದಲನೆಯದಕ್ಕೆ ಕಾಯವೇ ಇಲ್ಲ. ಅದು ಬರಿಯ ಒಂದು ಬಳೆ, ಅದರ ಮೇಲಿನ ಎರಡು ತಗ್ಗುಗಳಲ್ಲಿ ತಲೆಬುರುಡೆ ಕುಳಿತಿದೆ. ನಾವು ಹೌದೆಂದು ತಲೆಯಾಡಿಸುವುದು ಮುಖ್ಯವಾಗಿ ಈ ಕೀಲಿನಲ್ಲಿ. ಎರಡನೆಯ ಕಶೇರುವಾದ ಆಕ್ಸಿಸ್‌ನ ಕಾಯದಿಂದ ಒಂದು ಮೂಳೆಯ ಗೂಟ ಮೇಲಕ್ಕೆದ್ದು ಅಟ್ಲಾಸ್‌ನ ಬಳೆಯೊಳಗೆ ಸೇರಿಕೊಂಡಿದೆ. ಬೀಸುವ ಕಲ್ಲಿನ ಕೆಳಗಲ್ಲಿನ ನಡುವೆ ಗೂಟ ನೆಟ್ಟು ಮೇಲಿನ ಕಲ್ಲು ಅದರ ಸುತ್ತ ತಿರುಗುವಂತೆ ಮಾಡಿರುತ್ತಾರಲ್ಲ, ಇಲ್ಲಿರುವುದೂ ಅದೇ ವ್ಯವಸ್ಥೆ. ಅಲ್ಲವೆಂದು ತಲೆಯಾಡಿಸುವಾಗ ಬುರುಡೆ ಮತ್ತು ಅಟ್ಲಾಸ್ ಒಟ್ಟಾಗಿ ಆ ಗೂಟದ ಸುತ್ತ ತಿರುಗುತ್ತವೆ. ಕತ್ತಿನ ಒಟ್ಟು ತಿರುಗುವಿಕೆಯಲ್ಲಿ ಸುಮಾರು ಅರ್ಧದಷ್ಟು ಈ ಒಂದೇ ಜೋಡಣೆಯಲ್ಲಿ ನಡೆಯುತ್ತದೆ. ಗೂಟದ ಬೆನ್ನಿಗೇ ಬೆನ್ನುಹುರಿ ಇದೆ, ಎರಡರ ನಡುವೆ ಇರುವುದು ಅಡ್ಡಕ್ಕೆ ಬಿಗಿದ ಒಂದು ಗಟ್ಟಿ ಅಸ್ಥಿರಜ್ಜು, ಅಂದರೆ ಮೂಳೆಗೆ ಮೂಳೆಯನ್ನು ಬಿಗಿಯುವ ನಾರಿನ ಪಟ್ಟಿ. ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಆಜ್ಞೆ ಒಯ್ಯುವ ನರಗಳು ಇದಕ್ಕಿಂತ ಕೆಳಗೆ, ಕತ್ತಿನ ಮೂರು, ನಾಲ್ಕು, ಐದನೆಯ ಮಟ್ಟದಲ್ಲಿ ಹೊರಡುತ್ತವೆಯಾದ್ದರಿಂದ ಈ ಎತ್ತರದಲ್ಲಿ ಹುರಿಗೆ ಏಟಾದರೆ ಉಸಿರೇ ನಿಲ್ಲಬಹುದು.

ಕತ್ತಿನ ಕಶೇರುಗಳ ಇನ್ನೊಂದು ಗುರುತು, ಅವುಗಳ ಪಕ್ಕದ ಮುಳ್ಳುಗಳಲ್ಲಿರುವ ತೂತು. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಅಪಧಮನಿಗಳು ಸಾಮಾನ್ಯವಾಗಿ ಆರನೆಯ ಕಶೇರುವಿನಲ್ಲಿ ಈ ತೂತುಗಳೊಳಗೆ ಹೊಕ್ಕು ಮೇಲೇರುತ್ತವೆ. ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಕತ್ತನ್ನು ಟಕ್ಕೆಂದು ತಿರುವಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಹಾಗೆ ತಿರುವುವಾಗ ಈ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವುದು ಅಪರೂಪವಾದರೂ ವೈದ್ಯಕೀಯದಲ್ಲಿ ದಾಖಲಾಗಿರುವ ಸಂಗತಿ. ಆ ಅಭ್ಯಾಸವನ್ನು ಬಿಟ್ಟುಬಿಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಏಳನೆಯ ಕಶೇರುವಿನ ಹಿಂಮುಳ್ಳು ಉದ್ದವಾಗಿದ್ದು, ತಲೆ ತಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುತ್ತದೆ. ವೈದ್ಯರು ಹೊರಗಿನಿಂದ ಕಶೇರುಗಳನ್ನು ಎಣಿಸಲು ಆರಂಭಿಸುವುದು ಅಲ್ಲಿಂದ. ಜಿರಾಫೆಯ ಆ ಉದ್ದ ಕತ್ತಿನಲ್ಲೂ ಇರುವುದು ಏಳೇ ಕಶೇರುಗಳು. ಸ್ತನಿಗಳಲ್ಲಿ ಈ ಲೆಕ್ಕ ತಪ್ಪಿರುವುದು ಸ್ಲಾತ್ ಮತ್ತು ಮ್ಯಾನಟಿಗಳಲ್ಲಿ ಮಾತ್ರ.

ಎದೆಯ ಹನ್ನೆರಡು ಕಶೇರುಗಳಿಗೆ ಪಕ್ಕೆಲುಬುಗಳು ಅಂಟಿಕೊಂಡಿವೆ. ಹೃದಯ ಮತ್ತು ಶ್ವಾಸಕೋಶಗಳನ್ನು ಕಾಯುವ ಪಂಜರದ ಹಿಂಗೋಡೆ ಇದು, ಆದ್ದರಿಂದ ಇಲ್ಲಿ ಅಲುಗಾಟಕ್ಕಿಂತ ಬಿಗಿಗೇ ಬೆಲೆ. ಹಿಂಮುಳ್ಳುಗಳು ಉದ್ದವಾಗಿ ಕೆಳಮುಖವಾಗಿ ಒಂದರ ಮೇಲೊಂದು ಹೊದ್ದುಕೊಂಡು ಹಿಂದಕ್ಕೆ ಬಾಗುವುದನ್ನು ತಡೆಯುತ್ತವೆ, ಪಕ್ಕೆಲುಬುಗಳು ಮುಂದಕ್ಕೂ ಪಕ್ಕಕ್ಕೂ ಬಾಗುವುದನ್ನು ಮಿತಿಗೊಳಿಸುತ್ತವೆ. ಆದರೆ ಕೀಲಿನ ಮುಖಗಳು ಬೆನ್ನಿನ ಕಡೆಗೆ ತಿರುಗಿರುವುದರಿಂದ ಎಡಬಲಕ್ಕೆ ಹೊರಳಲು ಅವಕಾಶವಿದೆ. ಸೊಂಟ ತಿರುಗಿಸಿದೆವು ಎಂದು ನಾವು ಹೇಳುವಾಗ ನಿಜವಾಗಿ ತಿರುಗಿರುವುದು ಹೆಚ್ಚಾಗಿ ಎದೆಯ ಭಾಗ ಮತ್ತು ತೊಡೆಸಂದು.

ಸೊಂಟದ ಐದು ಕಶೇರುಗಳಲ್ಲಿ ಈ ಮುಖಗಳು ಬಹುಮಟ್ಟಿಗೆ ಒಳಕ್ಕೂ ಹೊರಕ್ಕೂ ತಿರುಗಿ ನಿಲ್ಲುತ್ತವೆ. ಮುಂದಕ್ಕೆ ಬಾಗಲು, ಹಿಂದಕ್ಕೆ ಮಣಿಯಲು ಅಡ್ಡಿಯಿಲ್ಲ. ತಿರುಗಲು ಹೋದರೆ ಮೂಳೆಗೆ ಮೂಳೆ ತಾಗಿ ತಡೆಯುತ್ತದೆ. ಒಂದೊಂದು ಜೋಡಣೆಯಲ್ಲಿ ಎರಡು ಮೂರು ಡಿಗ್ರಿಗಿಂತ ಹೆಚ್ಚು ತಿರುವು ಸಾಧ್ಯವಿಲ್ಲ. ಇಲ್ಲಿನ ಕಾಯಗಳು ಇಡೀ ಬೆನ್ನಿನಲ್ಲೇ ದೊಡ್ಡವು. ಅವುಗಳ ಮೇಲೆ ಬೀಳುವ ಭಾರ ಎಷ್ಟೆಂಬುದನ್ನು ಒಂದು ಸರಳ ಲೆಕ್ಕದಿಂದ ಅಂದಾಜಿಸಬಹುದು. ಬಾವಿಕಟ್ಟೆಯಿಂದ 10 ಕಿಲೋ ತೂಕದ ನೀರಿನ ಕೊಡಪಾನವನ್ನು ಕೈ ಚಾಚಿ ಎತ್ತಿಕೊಳ್ಳುವಾಗ ಅದು ಸೊಂಟದ ಕೆಳಗಿನ ಡಿಸ್ಕಿನಿಂದ (ಎರಡು ಕಶೇರುಗಳ ಕಾಯಗಳ ನಡುವಿನ ಮೆತ್ತೆಯಿಂದ) 40 ಸೆಂಟಿಮೀಟರ್ ಮುಂದಿದೆ ಎಂದುಕೊಳ್ಳೋಣ. ಅದನ್ನು ಸರಿದೂಗಿಸಬೇಕಾದ ಬೆನ್ನಿನ ಸ್ನಾಯು ಇರುವುದು ಡಿಸ್ಕಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ. ದೂರ ಎಂಟನೇ ಒಂದು ಪಾಲಾದ್ದರಿಂದ ಸ್ನಾಯು ಎಂಟು ಪಟ್ಟು, ಅಂದರೆ 80 ಕಿಲೋ ತೂಕಕ್ಕೆ ಸಮನಾಗಿ ಎಳೆಯಬೇಕು. ಕೊಡಪಾನದ ಹತ್ತು, ಸ್ನಾಯುವಿನ ಎಳೆತದ ಎಂಬತ್ತು, ಇವೆರಡನ್ನೂ ಡಿಸ್ಕ್ ತಾಳಿಕೊಳ್ಳಬೇಕು. ಮುಂಡದ ಭಾರ ಬೇರೆ. ಅದೇ ಕೊಡಪಾನವನ್ನು ಹೊಟ್ಟೆಗೆ ಒತ್ತಿ ಹಿಡಿದರೆ ದೂರ ಅರ್ಧಕ್ಕಿಳಿಯುತ್ತದೆ, ಸ್ನಾಯುವಿನ ಎಳೆತವೂ ಅರ್ಧಕ್ಕಿಳಿಯುತ್ತದೆ. ಮಲ್ಪೆಯ ಬಂದರಿನಲ್ಲಿ ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆಯುವ ಮಹಿಳೆಯರು ಬೆನ್ನನ್ನು ಅಷ್ಟು ನೇರವಾಗಿ ಇಟ್ಟುಕೊಳ್ಳುವುದರ ಹಿಂದೆ ಇರುವುದೂ ಇದೇ ಲೆಕ್ಕ: ಭಾರವು ಕಶೇರುಗಳ ಕಾಯದ ಮೇಲೆ ನೇರ ಬಿದ್ದಾಗ ಸ್ನಾಯುಗಳಿಗೆ ಕೆಲಸ ಕಡಿಮೆ. ಬುಟ್ಟಿಯನ್ನು ನೆಲದಿಂದ ತಲೆಗೇರಿಸುವ ಕ್ಷಣದಲ್ಲಿ ಮಾತ್ರ ಸೊಂಟಕ್ಕೆ ಹೊರೆ ವಿಪರೀತ, ಅದಕ್ಕಾಗಿಯೇ ಆಗ ಇನ್ನೊಬ್ಬರ ಕೈ ಬೇಕಾಗುವುದು.

ಡಿಸ್ಕಿನ ವಿಷಯಕ್ಕೆ ಬರೋಣ. ಬುರುಡೆಗೂ ಅಟ್ಲಾಸ್‌ಗೂ ನಡುವೆ, ಅಟ್ಲಾಸ್‌ಗೂ ಆಕ್ಸಿಸ್‌ಗೂ ನಡುವೆ ಡಿಸ್ಕ್ ಇಲ್ಲ. ಅಲ್ಲಿಂದ ಕೆಳಗೆ ತ್ರಿಕಾಸ್ಥಿಯವರೆಗೆ 23 ಇವೆ. ಬೆನ್ನುಮೂಳೆಯ ಒಟ್ಟು ಉದ್ದದಲ್ಲಿ ಕಾಲುಭಾಗ ಇವುಗಳದೇ. ನಡುವೆ ಲೋಳೆಯಂಥ ತಿರುಳು, ಅದರ ಸುತ್ತ ಹದಿನೈದರಿಂದ ಇಪ್ಪತ್ತೈದು ಪದರಗಳ ನಾರಿನ ಉಂಗುರ. ಒಂದು ಪದರದ ನಾರು ಎಡಕ್ಕೆ ಓರೆಯಾದರೆ ಮುಂದಿನದು ಬಲಕ್ಕೆ ಓರೆ. ಆದ್ದರಿಂದ ಬೆನ್ನು ಯಾವ ಕಡೆ ತಿರುಗಿದರೂ ಕೆಲವು ಪದರಗಳು ಬಿಗಿಯಾಗಿ ತಡೆಯುತ್ತವೆ. ಶಿಶುವಿನಲ್ಲಿ ತಿರುಳಿನ ಶೇಕಡಾ 80ಕ್ಕಿಂತ ಹೆಚ್ಚು ಭಾಗ ನೀರು; ಮುಪ್ಪಿನಲ್ಲಿ ಅದು 70ರ ಸುಮಾರಿಗೆ ಇಳಿಯುತ್ತದೆ. ದಿನವಿಡೀ ನಿಂತು ಕೂತು ಓಡಾಡಿದಾಗ ಒತ್ತಡಕ್ಕೆ ನೀರು ಹೊರಗೆ ಜಿನುಗುತ್ತದೆ, ರಾತ್ರಿ ಮಲಗಿದಾಗ ಮರಳಿ ಒಳಸೇರುತ್ತದೆ. ಸಂಜೆಯ ಹೊತ್ತಿಗೆ ನಮ್ಮ ಎತ್ತರ ಬೆಳಗ್ಗಿನದಕ್ಕಿಂತ ಸುಮಾರು ಶೇಕಡಾ 1ರಷ್ಟು ಕಡಿಮೆಯಾಗಿರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಡಿಸ್ಕ್ ನೀರು ಕುಡಿದು ಉಬ್ಬಿ ಬಿಗಿಯಾಗಿರುವುದರಿಂದ ಆ ಮೊದಲ ಗಂಟೆಯಲ್ಲಿ ಪೂರಾ ಬಾಗುವುದು ಅದಕ್ಕೆ ಹೆಚ್ಚು ಹಿಂಸೆ. ನಮ್ಮ ಮನೆಗಳಲ್ಲಿ ಹೆಂಗಸರು ಬೆಳಕು ಹರಿಯುವ ಮೊದಲೇ ಹಿಡಿಸೂಡಿ ಹಿಡಿದು ಇಡೀ ಅಂಗಳವನ್ನು ಬಗ್ಗಿ ಗುಡಿಸುವುದು ಸರಿಯಾಗಿ ಈ ಹೊತ್ತಿನಲ್ಲಿಯೇ. ಸೊಂಟನೋವಿರುವವರು ಆ ಕೆಲಸವನ್ನು ಗಂಟೆ ಮುಂದೂಡಿದರೆ, ಇಲ್ಲವೇ ಹಿಡಿಸೂಡಿಗೆ ಉದ್ದನೆಯ ಕೋಲು ಕಟ್ಟಿಕೊಂಡರೆ, ವ್ಯತ್ಯಾಸ ತಿಳಿಯಬಹುದು.

ಡಿಸ್ಕಿನೊಳಗಿನ ಒತ್ತಡವನ್ನು ಜೀವಂತ ವ್ಯಕ್ತಿಯಲ್ಲಿಯೇ ಅಳೆದಿರುವ ಪ್ರಯೋಗಗಳಿವೆ. 1999ರಲ್ಲಿ ಜರ್ಮನಿಯ ಉಲ್ಮ್‌ನ ಸಂಶೋಧಕರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನಲ್ಲಿ ಪುಟ್ಟ ಮಾಪಕವಿಟ್ಟು ದಿನವಿಡೀ ದಾಖಲಿಸಿಕೊಂಡರು. ಮಲಗಿದಾಗ 0.1 ಮೆಗಾಪಾಸ್ಕಲ್, ನಿಂತಾಗ 0.5, ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3, ಅದನ್ನೇ ಮೊಣಕಾಲು ಮಡಚಿ ಎತ್ತಿದಾಗ 1.7. ಮುಂದಕ್ಕೆ ಪೂರ್ತಿ ಬಾಗಿ ಕುಳಿತಾಗ 0.83 ಇದ್ದದ್ದು ಒರಗಿ ಕುಳಿತಾಗ ನಿಂತದ್ದಕ್ಕಿಂತಲೂ ಕಡಿಮೆಯಾಗಿತ್ತು. ಇದು ಒಬ್ಬನ ಅಳತೆ ಎಂಬುದನ್ನು ನೆನಪಿಡಬೇಕು, ಆದರೆ ಮಡಿಲಲ್ಲಿ ಬೀಡಿಯ ತಡ್ಪೆ ಇಟ್ಟುಕೊಂಡು ನೆಲದ ಮೇಲೆ ಬಾಗಿ ಕುಳಿತೇ ಹಗಲು ಕಳೆಯುವ ನಮ್ಮ ಜಿಲ್ಲೆಗಳ ಮಹಿಳೆಯರ ಸೊಂಟದ ಬಗ್ಗೆ ಅದು ಹೇಳುವುದು ಸ್ಪಷ್ಟವಾಗಿದೆ. ಗೋಡೆಗೆ ಒರಗುವುದು, ಅರ್ಧ ಗಂಟೆಗೊಮ್ಮೆ ಎದ್ದು ನಡೆದು ಬರುವುದು, ಇವು ಡಿಸ್ಕಿಗೆ ಆಹಾರವೂ ಹೌದು. ವಯಸ್ಕರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಅಕ್ಕಪಕ್ಕದ ಕಶೇರುಗಳ ತೆಳು ಫಲಕದ ಮೂಲಕ ಒಸರಿ ಬಂದದ್ದೇ ಅದಕ್ಕೆ ಪೋಷಣೆ.

ತ್ರಿಕಾಸ್ಥಿ ಬೆನ್ನಿನ ಭಾರವನ್ನು ಎರಡು ಹೋಳಾಗಿಸಿ ಎಡಬಲದ ಸೊಂಟದ ಮೂಳೆಗಳಿಗೆ ಒಪ್ಪಿಸುತ್ತದೆ. ಹೆಂಗಸರಲ್ಲಿ ಅದು ಅಗಲವಾಗಿ ಗಿಡ್ಡವಾಗಿರುವುದು ಹೆರಿಗೆಯ ದಾರಿಗೆ ಅನುಕೂಲ. ಬಾಲಮೂಳೆ ಕೆಲಸಕ್ಕೆ ಬಾರದ ಅವಶೇಷ ಎಂಬ ಮಾತು ಸರಿಯಲ್ಲ. ಮಲಮೂತ್ರ ಹಿಡಿದಿಡುವ ತಳದ ಸ್ನಾಯುಗಳು ಅದಕ್ಕೇ ಅಂಟಿಕೊಂಡಿವೆ. ಆಟಿಯ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಕುಳಿತ ಭಂಗಿಯಲ್ಲೇ ಬಿದ್ದವರಿಗೆ ಅದು ಇರುವುದು ಚೆನ್ನಾಗಿ ಗೊತ್ತು.

ಇಡೀ ಸರಣಿಯನ್ನು ಪಕ್ಕದಿಂದ ನೋಡಿದರೆ ನಾಲ್ಕು ಬಾಗುಗಳಿವೆ. ಗರ್ಭದಲ್ಲಿ ಮಗು ಮುದುಡಿಕೊಂಡಿರುವುದರಿಂದ ಬೆನ್ನಿಗೆ ಒಂದೇ ಬಾಗು, ಹಿಂದಕ್ಕೆ ಉಬ್ಬಿದ್ದು. ಎದೆ ಮತ್ತು ತ್ರಿಕಾಸ್ಥಿಗಳಲ್ಲಿ ಅದು ಹಾಗೆಯೇ ಉಳಿಯುತ್ತದೆ. ಮೂರು ತಿಂಗಳ ಹೊತ್ತಿಗೆ ಮಗು ಕವುಚಿ ತಲೆ ಎತ್ತಿ ಹಿಡಿಯಲು ಕಲಿತಾಗ ಕತ್ತಿನಲ್ಲಿ ಮುಂದಕ್ಕೆ ಉಬ್ಬಿದ ಬಾಗು ಗಟ್ಟಿಯಾಗುತ್ತದೆ, ಕುಳಿತು ನಿಂತು ಹೆಜ್ಜೆಯಿಡುವಾಗ ಸೊಂಟದಲ್ಲಿ ಇನ್ನೊಂದು. ಈ ಬಾಗುಗಳಿಂದಾಗಿಯೇ ಹೊಡೆತ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ಯಕ್ಷಗಾನದ ತೆಂಕುತಿಟ್ಟಿನ ಪುಂಡುವೇಷಧಾರಿ ಧೀಂಗಿಣ ಹಾರಿ ರಂಗಸ್ಥಳಕ್ಕೆ ಇಳಿಯುವ ಪ್ರತಿ ಬಾರಿಯೂ ಮೊಣಕಾಲು, ತೊಡೆಸಂದುಗಳ ಜೊತೆಗೆ ಸೊಂಟದ ಬಾಗು ಮತ್ತು ಡಿಸ್ಕುಗಳು ಆ ಏಟನ್ನು ಹಂಚಿಕೊಳ್ಳುತ್ತವೆ.

ಬೆನ್ನುಹುರಿ ಬೆನ್ನುಮೂಳೆಯಷ್ಟು ಉದ್ದವಿಲ್ಲ. ಮೂಳೆಗಳ ಸರಣಿ ಗಂಡಸರಲ್ಲಿ ಸುಮಾರು 70 ಸೆಂಟಿಮೀಟರ್, ಹುರಿ 45. ಹುಟ್ಟುವಾಗ ಸೊಂಟದ ಮೂರನೆಯ ಕಶೇರುವಿನವರೆಗೆ ಇರುವ ಹುರಿ, ಮೂಳೆಗಳು ಅದಕ್ಕಿಂತ ವೇಗವಾಗಿ ಬೆಳೆಯುವುದರಿಂದ, ವಯಸ್ಕರಲ್ಲಿ ಸೊಂಟದ ಮೊದಲ ಎರಡು ಕಶೇರುಗಳ ನಡುವೆಯೇ ಮುಗಿದುಬಿಡುತ್ತದೆ. ಅಲ್ಲಿಂದ ಕೆಳಗೆ ಕೊಳವೆಯಲ್ಲಿರುವುದು ಕಾಲು, ಮೂತ್ರಕೋಶ, ಗುದಗಳಿಗೆ ಹೋಗುವ ನರಗಳ ಎಳೆಗಳು, ಸುತ್ತಲೂ ತಿಳಿನೀರು. ಒಟ್ಟು 31 ಜೊತೆ ನರಗಳು ಕಶೇರುಗಳ ಪಕ್ಕದ ಕಿಂಡಿಗಳಿಂದ ಹೊರಬರುತ್ತವೆ. ಕತ್ತಿನಲ್ಲಿ ಕಶೇರುಗಳು ಏಳಾದರೂ ನರಗಳು ಎಂಟು ಜೊತೆ, ಏಕೆಂದರೆ ಮೊದಲನೆಯದು ಅಟ್ಲಾಸ್‌ನ ಮೇಲಿನಿಂದಲೇ ಹೊರಡುತ್ತದೆ.

ಈ ಅಂಗರಚನೆಯನ್ನು ತಿಳಿದರೆ ಒಂದು ಹಳೆಯ ಭಯ ನೀಗುತ್ತದೆ. ಸಿಸೇರಿಯನ್ ಹೆರಿಗೆಯಲ್ಲಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟದ್ದರಿಂದಲೇ ಜೀವನಪೂರ್ತಿ ಸೊಂಟನೋವು ಬಂತು ಎಂಬ ಮಾತನ್ನು ಕರಾವಳಿಯ ಯಾವ ಮನೆಯಲ್ಲಿಯೂ ಕೇಳಬಹುದು. ಅರಿವಳಿಕೆ ತಜ್ಞರು ಸೊಂಟದ ಎರಡೂ ಪಕ್ಕದ ಮೂಳೆಯ ಏಣನ್ನು ಮುಟ್ಟಿ ನೋಡುತ್ತಾರೆ. ಆ ಎರಡನ್ನು ಸೇರಿಸುವ ಗೆರೆ ಸುಮಾರಾಗಿ ನಾಲ್ಕನೆಯ ಸೊಂಟದ ಕಶೇರುವಿನ ಮೇಲೆ ಹಾದುಹೋಗುತ್ತದೆ. ಅದರ ಮೇಲಿನ ಅಥವಾ ಕೆಳಗಿನ ಸಂದಿನಲ್ಲಿ ತೆಳುವಾದ ಸೂಜಿ, ಎರಡು ಮುಳ್ಳುಗಳ ನಡುವಿನ ಅಸ್ಥಿರಜ್ಜನ್ನು ದಾಟಿ, ತಿಳಿನೀರಿಗೆ ತಲುಪುತ್ತದೆ. ಹುರಿ ಅದಕ್ಕಿಂತ ಮೇಲೆಯೇ ಮುಗಿದಿದೆ; ಮೂಳೆಯನ್ನು ಕೊರೆಯುವ ಪ್ರಶ್ನೆಯೇ ಇಲ್ಲ. ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವು, ಕೆಲವರಲ್ಲಿ ತಲೆನೋವು ಬರುವುದುಂಟು. ವರ್ಷಗಟ್ಟಲೆ ಕಾಡುವ ಸೊಂಟನೋವಿಗೆ ಕಾರಣ ಬೇರೆ ಇವೆ: ಗರ್ಭಿಣಿಯಾಗಿದ್ದಾಗ ಸಡಿಲಗೊಂಡ ಅಸ್ಥಿರಜ್ಜುಗಳು, ಹಿಗ್ಗಿ ಬಲಗುಂದಿದ ಹೊಟ್ಟೆಯ ಸ್ನಾಯುಗಳು, ಬಾಗಿ ಕುಳಿತು ಹಾಲೂಡಿಸುವುದು, ಕಂಕುಳಲ್ಲಿ ಮಗುವನ್ನೆತ್ತಿಕೊಂಡೇ ನಡೆಯುವ ಮನೆಗೆಲಸ. ಸಹಜ ಹೆರಿಗೆಯಾದವರಲ್ಲೂ ಇದೇ ನೋವು ಕಾಣಿಸಿಕೊಳ್ಳುತ್ತದೆ.

ಇನ್ನು ಗಡಿಗಳ ಮಾತು. ಎದೆಯ ಕೊನೆಯ ಕಶೇರುವಿಗೂ ಸೊಂಟದ ಮೊದಲ ಕಶೇರುವಿಗೂ ನಡುವೆ ಎಲ್ಲವೂ ಒಮ್ಮೆಲೇ ಬದಲಾಗುತ್ತದೆ. ಪಕ್ಕೆಲುಬುಗಳ ಬಿಗಿ ಮುಗಿದು ಸಡಿಲ ಭಾಗ ಆರಂಭವಾಗುತ್ತದೆ; ಕೀಲಿನ ಮುಖಗಳು ದಿಕ್ಕು ಬದಲಿಸುತ್ತವೆ; ಹಿಂದಕ್ಕೆ ಉಬ್ಬಿದ ಬಾಗು ಮುಂದಕ್ಕೆ ತಿರುಗುವ ಮೊದಲು ಬೆನ್ನು ಇಲ್ಲಿ ಬಹುತೇಕ ನೇರವಾಗುತ್ತದೆ. ಕೆಳಗಿನಿಂದ ಬಂದ ಏಟನ್ನು ಹಂಚಲು ಇಲ್ಲಿ ಬಾಗೂ ಇಲ್ಲ, ಪಂಜರವೂ ಇಲ್ಲ. ಬಸ್ಸಿನ ಕೊನೆಯ ಸಾಲಿನ ಸೀಟು ಹಿಂದಿನ ಗಾಲಿಗಿಂತಲೂ ಹಿಂದೆ ಚಾಚಿರುತ್ತದೆ. ವೇಗವಾಗಿ ಓಡುವ ಬಸ್ಸು ರಸ್ತೆಯುಬ್ಬಿನ ಮೇಲೆ ಹಾರಿದಾಗ ಅಲ್ಲಿ ಕುಳಿತವರು ಎಲ್ಲರಿಗಿಂತ ಎತ್ತರಕ್ಕೆ ಚಿಮ್ಮಿ, ಕುಳಿತ ಭಂಗಿಯಲ್ಲೇ ಸೀಟಿನ ಮೇಲೆ ಬೀಳುತ್ತಾರೆ, ಸೊಂಟದ ಮೊದಲ ಕಶೇರುವಿನ ಮುಂಭಾಗ ಕುಸಿಯುತ್ತದೆ. ನಮ್ಮ ದೇಶದ ಮೂಳೆತಜ್ಞರಿಗೆ ಇದು ಚಿರಪರಿಚಿತ ಗಾಯ. ವಯಸ್ಸಾದವರನ್ನು ಮಂಗಳೂರು ಉಡುಪಿ ನಡುವಿನ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕಳುಹಿಸುವ ಮೊದಲು ಎರಡು ಗಾಲಿಗಳ ನಡುವಿನ ಸೀಟನ್ನು ಬಿಟ್ಟುಕೊಡಲು ಯಾರಾದರೂ ಮನಸ್ಸು ಮಾಡಬೇಕು.

ಅಡಿಕೆ ಮರದಿಂದ ಬಿದ್ದವರಲ್ಲಿ ಮುರಿಯುವುದೂ ಹೆಚ್ಚಾಗಿ ಇದೇ ಗಡಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕಾದದ್ದು ಮಳೆಗಾಲದಲ್ಲೇ, ಮರ ಜಾರುವುದೂ ಆಗಲೇ. ತೆಂಗಿನ ಮರ ಏರುವವರಿಗೂ, ಕಳ್ಳು ಇಳಿಸುವವರಿಗೂ ಇದೇ ಅಪಾಯ. ಬೆನ್ನುಹುರಿಯ ಕೊನೆಯ ತುದಿ ಸರಿಯಾಗಿ ಈ ಎತ್ತರದಲ್ಲಿರುವುದರಿಂದ ಮುರಿದ ಮೂಳೆಯ ಚೂರು ಹಿಂದಕ್ಕೆ ಸರಿದರೆ ಎರಡೂ ಕಾಲುಗಳ ಬಲವೂ ಮೂತ್ರದ ಹಿಡಿತವೂ ಹೋಗಬಹುದು. ಬಿದ್ದವರನ್ನು ಕೈಕಾಲು ಹಿಡಿದು ತೊಟ್ಟಿಲಿನಂತೆ ಎತ್ತಿ, ಆಟೋದಲ್ಲಿ ಕೂರಿಸಿಕೊಂಡು ಹೋಗುವುದೇ ನಮ್ಮಲ್ಲಿ ಹೆಚ್ಚು ನಡೆಯುವುದು. ಹಾಗೆ ಮಾಡಿದಾಗ ಬೆನ್ನು ಆ ಮುರಿದ ಜಾಗದಲ್ಲಿಯೇ ಮಡಚಿಕೊಳ್ಳುತ್ತದೆ, ಅಲ್ಲಿಯವರೆಗೆ ಉಳಿದಿದ್ದ ಹುರಿ ಆಗ ನಜ್ಜಾಗಬಹುದು. ಅವರನ್ನು ಏಳಿಸಬಾರದು, ಕೂರಿಸಬಾರದು, ನೀರು ಕುಡಿಸಲು ತಲೆ ಎತ್ತಬಾರದು. 108ಕ್ಕೆ ಕರೆ ಮಾಡಿ, ಇದ್ದಲ್ಲೇ ಮಲಗಿಸಿಡಬೇಕು. ಸಾಗಿಸಲೇಬೇಕಾದರೆ ಮೂರು ನಾಲ್ಕು ಜನ ಸೇರಿ, ತಲೆ, ಭುಜ, ಸೊಂಟಗಳನ್ನು ಒಂದೇ ಸಲಕ್ಕೆ ಒಟ್ಟಾಗಿ ಹೊರಳಿಸಿ, ಬಾಗಿಲಿನಂಥ ಗಟ್ಟಿ ಹಲಗೆಯ ಮೇಲೆ ಇಡಬೇಕು. ತೋಟವಿರುವ ಪ್ರತಿ ಮನೆಯವರೂ ಇದನ್ನು ಒಮ್ಮೆ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಎರಡನೆಯ ಗಡಿ ಸೊಂಟದ ಐದನೆಯ ಕಶೇರುವಿಗೂ ತ್ರಿಕಾಸ್ಥಿಗೂ ನಡುವಿನದು. ಅಲುಗಾಡುವ ಭಾಗ ಮುಗಿದು ಅಲುಗಾಡದ ಭಾಗ ಶುರುವಾಗುವ ಈ ಜಾಗ ಮುಂದಕ್ಕೆ ಇಳಿಜಾರಾಗಿದೆ, ಮೇಲಿನ ಮೂಳೆ ಮುಂದಕ್ಕೆ ಜಾರದಂತೆ ಹಿಂದಿನ ಕೀಲುಗಳು ಸದಾ ತಡೆದು ನಿಲ್ಲಬೇಕು. ಡಿಸ್ಕಿನ ನಾರು ಹರಿದು ತಿರುಳು ಹೊರಚಾಚುವುದು ಅತಿ ಹೆಚ್ಚಾಗಿ ಇಲ್ಲಿ ಮತ್ತು ಇದರ ಮೇಲಿನ ಮಟ್ಟದಲ್ಲಿ. ಕಾಯಗಳ ಹಿಂದೆ ಉದ್ದಕ್ಕೂ ಇಳಿಯುವ ಅಸ್ಥಿರಜ್ಜು ನಡುವೆ ಗಟ್ಟಿ, ಪಕ್ಕಗಳಲ್ಲಿ ತೆಳು. ಆದ್ದರಿಂದ ತಿರುಳು ಪಕ್ಕಕ್ಕೆ ನುಗ್ಗಿ ಅಲ್ಲೇ ಇಳಿಯುತ್ತಿರುವ ನರವನ್ನು ಒತ್ತುತ್ತದೆ. ನೋವು ಪೃಷ್ಠದಿಂದ ತೊಡೆಯ ಹಿಂಬದಿಗೆ, ಮೀನಖಂಡಕ್ಕೆ, ಪಾದಕ್ಕೆ ಹರಿಯುತ್ತದೆ. ವೈದ್ಯರು ಹಿಮ್ಮಡಿಯ ಮೇಲೆ ನಡೆಸಿ, ತುದಿಗಾಲ ಮೇಲೆ ನಡೆಸಿ ನೋಡುವುದು ಯಾವ ನರ ಎಂದು ತಿಳಿಯಲು: ಹಿಮ್ಮಡಿಯ ಮೇಲೆ ಪಾದ ಎತ್ತಿ ಹಿಡಿಯಲಾಗದಿದ್ದರೆ ಸೊಂಟದ ಐದನೆಯ ನರ, ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ತ್ರಿಕಾಸ್ಥಿಯ ಮೊದಲನೆಯದು. ಕಾಲುನೋವಿಗೂ ಡಿಸ್ಕಿಗೂ ಇರುವ ಈ ಸಂಬಂಧವನ್ನು 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ತಮ್ಮ ಪ್ರಬಂಧದಲ್ಲಿ ಖಚಿತಪಡಿಸಿದರು.

ಡಿಸ್ಕ್ ಜಾರಿದೆ ಎಂಬ ಒಂದು ಮಾತಿಗೆ ಮನೆಮಂದಿಯೆಲ್ಲ ಕಂಗಾಲಾಗುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ಒಂದು ಪರಾಮರ್ಶೆಯ ಪ್ರಕಾರ ಇಪ್ಪತ್ತರ ಪ್ರಾಯದವರಲ್ಲೇ ಶೇಕಡಾ 37ರಷ್ಟು ಮಂದಿಯಲ್ಲಿ, ಎಂಬತ್ತರವರಲ್ಲಿ ಶೇಕಡಾ 96ರಷ್ಟು ಮಂದಿಯಲ್ಲಿ ಡಿಸ್ಕ್ ಸವೆದಿರುವುದು ಕಂಡುಬಂದಿತ್ತು. ಎಂಆರ್‌ಐನಲ್ಲಿ ಉಬ್ಬು ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎನ್ನಲಾಗದು. ಕಾಲಿನ ಲಕ್ಷಣವೂ ಪರೀಕ್ಷೆಯೂ ಅದಕ್ಕೆ ಹೊಂದಬೇಕು. ಹೊರಚಾಚಿದ ತಿರುಳು ಬಹಳಷ್ಟು ಮಂದಿಯಲ್ಲಿ ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ, ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ವಾರಗಟ್ಟಲೆ ಹಾಸಿಗೆ ಹಿಡಿಯುವುದರಿಂದ ಸ್ನಾಯು ಸೊರಗುತ್ತದೆಯೇ ಹೊರತು ಬೆನ್ನಿಗೆ ಲಾಭವಿಲ್ಲ. ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಕುಳಿತಾಗ ಸೀಟಿಗೆ ತಾಗುವ ಭಾಗ ಜೋಮು ಹಿಡಿದರೆ, ಕಾಲಿನ ಬಲ ದಿನದಿಂದ ದಿನಕ್ಕೆ ಇಳಿದರೆ, ಅಂದೇ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕೊಳವೆಯೊಳಗಿನ ಎಲ್ಲ ನರಗಳೂ ಒಟ್ಟಿಗೆ ಒತ್ತಿಹೋದಾಗಿನ ಲಕ್ಷಣ ಇದು, ಇಲ್ಲಿ ತಡವಾದಷ್ಟೂ ನಷ್ಟ ಶಾಶ್ವತವಾಗುತ್ತದೆ.

ಮುಪ್ಪಿನಲ್ಲಿ ಬೆನ್ನು ಬಾಗುವುದು ಸಹಜವೆಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಯೊಳಗಿನ ಜಾಲದಲ್ಲಿ ಮೊದಲು ಕಡಿದುಹೋಗುವುದು ಅಡ್ಡ ಎಳೆಗಳು. ಆಸರೆ ತಪ್ಪಿದ ನಿಂತ ಎಳೆಗಳು ಬಳುಕಿ ಮುರಿಯುತ್ತವೆ. ಮೂಳೆಯ ಸಾಂದ್ರತೆ ಕಾಲುಭಾಗ ಇಳಿದರೆ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಬೀಳದೆಯೂ, ಒಂದು ಕೊಡ ನೀರು ಎತ್ತಿದ್ದಕ್ಕೇ, ಕಶೇರುವಿನ ಮುಂಭಾಗ ಕುಸಿದು ಮೂಳೆ ಬೆಣೆಯಂತಾಗುತ್ತದೆ. ಇಂಥ ಎರಡು ಮೂರು ಬೆಣೆಗಳು ಸೇರಿದರೆ ಗೂನು. ಎತ್ತರ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ ಪರೀಕ್ಷಿಸಿಕೊಳ್ಳಬೇಕು. ಡೆಕ್ಸಾ ಸ್ಕ್ಯಾನ್‌ನಿಂದ ಸಾಂದ್ರತೆ ಅಳೆಯಬಹುದು, ಮುಂದಿನ ಮೂಳೆ ಕುಸಿಯುವ ಸಂಭವವನ್ನು ತಗ್ಗಿಸುವ ಔಷಧಿಗಳೂ ಇವೆ.

ಗೂನಿಗೆ ಇನ್ನೊಂದು ಕಾರಣ ಕ್ಷಯ. ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲೇ ವಿವರಿಸಿದ ಈ ಕಾಯಿಲೆ ನಮ್ಮಲ್ಲಿ ಇಂದಿಗೂ ಅಪರೂಪವಲ್ಲ. ರೋಗಾಣು ರಕ್ತದ ಮೂಲಕ ಕಶೇರುವಿನ ಕಾಯಕ್ಕೆ ಬಂದು, ಡಿಸ್ಕನ್ನು ದಾಟಿ ಪಕ್ಕದ ಕಶೇರುವಿಗೂ ಹಬ್ಬಿ, ಎರಡರ ಮುಂಭಾಗವನ್ನೂ ತಿಂದುಹಾಕುತ್ತದೆ. ಹೆಚ್ಚಾಗಿ ಬಾಧಿಸುವುದು ಎದೆಯ ಕೆಳಭಾಗ ಮತ್ತು ಸೊಂಟದ ಮೇಲ್ಭಾಗವನ್ನು. ಕೆಮ್ಮು ಇರಲೇಬೇಕೆಂದಿಲ್ಲ. ಮಲಗಿದರೂ ಬಿಡದ ಬೆನ್ನುನೋವು, ಸಂಜೆಯ ಸಣ್ಣ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಬೆನ್ನಿನ ಒಂದೇ ಗಂಟನ್ನು ಒತ್ತಿದಾಗ ನೋವು, ಇವು ಕೂಡಿ ಬಂದರೆ ಎಣ್ಣೆ ತಿಕ್ಕಿಸುತ್ತ ತಿಂಗಳು ಕಳೆಯಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧಿ ಉಚಿತವಾಗಿ ಸಿಗುತ್ತದೆ. ಬೆನ್ನುಮೂಳೆಯ ಕ್ಷಯಕ್ಕೆ ಅದನ್ನು ಸಾಮಾನ್ಯವಾಗಿ 12 ತಿಂಗಳು, ಕೆಲವರಲ್ಲಿ 18 ತಿಂಗಳವರೆಗೂ ತೆಗೆದುಕೊಳ್ಳಬೇಕಾಗುತ್ತದೆ. ನೋವು ಎರಡು ತಿಂಗಳಲ್ಲೇ ಹೋಯಿತೆಂದು ನಡುವೆ ಔಷಧಿ ನಿಲ್ಲಿಸಿದರೆ ಉಳಿದ ರೋಗಾಣುಗಳು ಮತ್ತೆ ಬಲಿಯುತ್ತವೆ, ಆಗ ಮೂಳೆ ಕುಸಿಯುವುದನ್ನು ತಡೆಯಲು ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು.